ಅಕ್ಕನ ಎಲುಬಿನೊಳಗೆ ನನ್ನ ನೌಕರಿ

ನಾನು ಸುಮ್ಮನೆ ಕೂತರೂ ನಗೆಪಾಟಲು ನನ್ನನ್ನು ಹುಡುಕಿಕೊಂಡು ಬರುತ್ತದೆ. ಆದರೆ ನಾನು ಸುಮ್ಮನೆ ಕೂಡುವುದೇ ಕಡಿಮೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವ; ಬಸವಕಲ್ಯಾಣದಲ್ಲಿ ಆಟೋ, ಮುಡಬಿಯಲ್ಲಿ ಬೋರ್‌ವೆಲ್ ಗಾಡಿ, ಎಲ್ಲಿಯೂ ಆರು ತಿಂಗಳು ನಿಂತಿಲ್ಲ. ಹುಮನಾಬಾದಿಗೆ ಕೊಟ್ಟ ನನ್ನ ಅಕ್ಕ ಅದಕ್ಕೇ ಬೈಯುತ್ತಿದ್ದಳು. ಆ ಅಕ್ಕನ ಮೈಯಲ್ಲಿ ರಕ್ತ ಹುಟ್ಟುವುದೇ ನಿಂತುಹೋಯಿತು. ರಕ್ತ ಹುಟ್ಟಿಸುವ ತಾಯಿಕೋಶ ಯಾರಾದರೂ ಕೊಟ್ಟರೆ ಮಾತ್ರ ಉಳಿಯುತ್ತಾಳೆ ಎಂದರು ಹೈದರಾಬಾದಿನ ದವಾಖಾನೆಯಲ್ಲಿ. ತಪಾಸಣೆಯಲ್ಲಿ ಹೊಂದಿಕೆಯಾದವ ನಾನೊಬ್ಬನೇ.

ಪಾಯಾ

ಸುದ್ದಿ ಕೇಳಿ ಆಟೋ ಸ್ಟ್ಯಾಂಡಿನ ಚಾಚಾ ಡಬ್ಬಿ ತುಂಬ ಪಾಯಾ, ಅಂದರೆ ಕುರಿಕಾಲಿನ ಸಾರು, ತಂದ.

“ಎಲುಬಿನಾಗಿಂದ ತೆಗೀತಾರಂತ. ಖಾಲಿ ಆಗ್ತೀ, ಮೊದಲೇ ತುಂಬಿಸ್ಕೋ.”

ಒಂದು ವಾರ ಕುಡಿದೆ. ಆಮೇಲೆ ದವಾಖಾನೆಯಲ್ಲಿ ತೋಳಿನ ನರದಿಂದಲೇ ತೆಗೆದರು. “ಎಲುಬು ಮುಟ್ಟಲೇ ಇಲ್ಲ ಚಾಚಾ” ಎಂದು ಫೋನ್ ಮಾಡಿದೆ.

“ಹಾಂಗಾದ್ರ ನನ್ನ ಪಾಯಾ ಒಳಗೇ ಉಳದದ. ಇನ್ನೊಬ್ಬರು ಯಾರಿಗರ ಕೊಟ್ಟು ಬಾ!”

ರೊಟ್ಟಿ ಬಡಿಯದ ಆಯಿ

ನಮ್ಮ ಕಡೆಯವರೇ ಆದ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ತಿಳಿಸಿ ಹೇಳಿದರು: “ಎಲುಬಿನಾಗ ತಾಯಿಕೋಶದ ಸುತ್ತ ಆಸರೆಕೋಶ ಇರ್ತಾವ್ರಿ. ತಾವು ರಕ್ತ ಮಾಡಂಗಿಲ್ಲ. ತಾಯಿಕೋಶನ ಹಿಡಿದು ಕೂಡಸ್ತಾವ, ಯಾವಾಗ ಮಾಡು, ಎಷ್ಟು ಮಾಡು, ಸಾಕು ಅಂತ ಹೇಳ್ತಾವ.”

“ತಿಳೀತ್ರಿ. ಮದುವಿ ಮನ್ಯಾಗ ಓಣಿ ಹೆಣ್ಮಕ್ಕಳು ರೊಟ್ಟಿ ಬಡೀಯಾಕತ್ತಾಗ ನಮ್ಮ ಮುದುಕಿ ಆಯಿ ಕೂಡತಿದ್ದಳಲ್ಲ, ಹಾಂಗ. ಕೈಗೆ ಹಿಟ್ಟು ಹತ್ತಂಗಿಲ್ಲ, ಹುಕುಂ ಅಷ್ಟೇ.”

ಮಂಚದ ಮೇಲಿಂದ ಅಕ್ಕನ ಸಣ್ಣ ದನಿ: “ಆಯಿ ಹೋದಮ್ಯಾಲೆ ಆ ಕೆಲಸ ನಂದ್ರಿ.”

ಸೂಜಿ

ತೆಗೆಯುವ ಮುಂಚೆ ಐದು ದಿನ ನನಗೆ ಸೂಜಿ. ಆಸರೆಕೋಶಗಳ ಹಿಡಿತ ಸಡಿಲಾಗಿ ತಾಯಿಕೋಶ ರಕ್ತಕ್ಕೆ ಇಳಿಯಬೇಕಂತೆ.

“ಮನಿ ಬಿಟ್ಟು ಹೋಗಾಕ ನನ್ನವಕ್ಕ ಸೂಜಿ ಯಾಕ್ರಿ?” ಎಂದೆ.

ಅಕ್ಕ ಮಾತ್ರ ನಗಲಿಲ್ಲ. “ಬಾಯಿ, ಇವನವು ನನ್ನಾಗ ನಿಂದರತಾವೇನ್ರಿ?”

ಮೂರನೇ ವಾರ

ಅಕ್ಕನ ನರದೊಳಗೆ ಬಿಟ್ಟ ನನ್ನ ಕೋಶಗಳು ತಾವೇ ಎಲುಬು ಹುಡುಕಿಕೊಂಡು ಹೋಗಬೇಕಿತ್ತು. ದಿನಾ ರಿಪೋರ್ಟಿಗೆ ಕಾಯ್ದೆ. ಹುಟ್ಟಿದಮೇಲೆ ಮೊದಲ ಸಲ ಒಂದೇ ಬೆಂಚಿನ ಮೇಲೆ ಮೂರು ವಾರ ಕೂತೆ.

ಕಡೆಗೆ ಡಾಕ್ಟರ್ ಬಾಯಿ ನಗುತ್ತ ಬಂದರು. “ನಿಂತಾವ್ರಿ! ಹೊಸ ರಕ್ತ ಹುಟ್ಟಾಕತ್ತದ.”

ನನಗೆ ಅಳುವೇ ಬಂತು. “ನಾನೇ ಎಲ್ಲೂ ನಿಂತಿಲ್ಲ, ನನ್ನವು ಹ್ಯಾಂಗ ನಿಂತಾವ್ರಿ?”

“ತಾಯಿಕೋಶ ನಿಮ್ಮವು. ಹಿಡಿದು ಕೂಡಿಸಿ ಕೆಲಸ ಮಾಡಸೋ ಆಸರೆಕೋಶ ಮಾತ್ರ ಅಕ್ಕಾರವೇ ಅದಾವ್ರಿ.”

ಅಕ್ಕ ಎದ್ದೇ ಕೂತಳು. “ಕೇಳಿದೇನೋ ಭಾಡ್ಯಾ? ಹೊರಗಿದ್ದು ನಲವತ್ತು ವರ್ಷ ನನ್ನ ಮಾತು ಕೇಳಲಿಲ್ಲ. ಒಳಗ ಬಂದ ಮೂರೇ ವಾರಕ್ಕ ದಾರಿಗೆ ಬಂದಿ!”