ಈ ಸಲ ಕರಡಿ ನೋಡಿಯೇ ತೀರುತ್ತೇನೆ

ನಾನು ಸಾಮಾನ್ಯಳಲ್ಲ. ಆಸ್ಪತ್ರೆಯ ದಾಖಲೆ ಕೊಠಡಿಯಲ್ಲಿ ಇಪ್ಪತ್ತೆರಡು ವರ್ಷ ಕೂತು, ನಲವತ್ತು ಸಾವಿರ ಕಡತಗಳಲ್ಲಿ ಯಾವುದು ಯಾವ ಕಪಾಟಿನ ಎಷ್ಟನೇ ಖಾನೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳು. ಅಂಥ ನಾನು, ರಜೆಗೆ ಹೊರಡುವ ಹಿಂದಿನ ಭಾನುವಾರ ಊಟದ ಮೇಜಿನ ಮುಂದೆ ಎದ್ದು ನಿಂತು, ಕೈಯಲ್ಲಿದ್ದ ಸೌಟನ್ನು ರಾಜದಂಡದಂತೆ ಎತ್ತಿ ಹಿಡಿದು ಘೋಷಿಸಿಬಿಟ್ಟೆ: ವ್ಯಾನು ನಮ್ಮ ಬೀದಿಯ ತಿರುವು ದಾಟಿದ ಗಳಿಗೆಯಿಂದ ಏಳು ದಿನಗಳ ಕಾಲ, "ಎಲ್ಲಿದೆ" ಎಂದು ಕೊನೆಯಾಗುವ ಯಾವ ಪ್ರಶ್ನೆಗೂ ನಾನು ಉತ್ತರ ಕೊಡುವುದಿಲ್ಲ. ಮತ್ತು ಈ ಸಲ ಕರಡಿಯನ್ನು ನನ್ನ ಸ್ವಂತ ಎರಡು ಕಣ್ಣುಗಳಿಂದ ನೋಡಿಯೇ ತೀರುತ್ತೇನೆ!

ಈ ಎರಡು ಪ್ರತಿಜ್ಞೆಗಳಿಗೆ ಏನು ಸಂಬಂಧ ಎಂದು ಕೇಳುವವರು ಯಾರಾದರೂ ಇದ್ದರೆ, ಅವರು ಖಂಡಿತ ಗಂಡಸರೇ ಇರಬೇಕು. ನಾವು ಜಲಪಾತ ನೋಡಲು ಹೋದಾಗ ನೀರಿನ ಮೇಲೆ ಕಾಮನಬಿಲ್ಲು ಎದ್ದಿತಂತೆ. ಆಗ ನಾನು ಬಂಡೆಯೊಂದರ ಹಿಂದೆ ಮೂರು ಜೊತೆ ಚಪ್ಪಲಿ, ನಾಲ್ಕು ಚೀಲ ಕಾಯುತ್ತಿದ್ದೆ. ಬೆಟ್ಟದ ತುದಿಯಲ್ಲಿ ಸೂರ್ಯ ಹುಟ್ಟಿದಾಗ ಫ್ಲಾಸ್ಕಿಗೆ ಬಿಸಿನೀರು ತುಂಬುತ್ತಿದ್ದೆ. ಜಿಂಕೆಗಳ ಹಿಂಡು ರಸ್ತೆ ದಾಟಿದ್ದು, "ಕರ್ಚೀಫ್ ಎಲ್ಲಿದೆ?" ಎಂಬ ಕೂಗಿಗೆ ಓಗೊಟ್ಟು ನಾನು ಚೀಲದೊಳಗೆ ತಲೆ ಹಾಕಿದ್ದ ಅರ್ಧ ನಿಮಿಷದಲ್ಲಿ. ರಜೆ ಮುಗಿಸಿ ಆಫೀಸಿಗೆ ಹೋದರೆ ಎಲ್ಲರೂ ಏನೇನು ನೋಡಿದಿರಿ ಎಂದು ಕೇಳುತ್ತಾರೆ. ಮಗಳ ಫೋನಿನಲ್ಲಿದ್ದ ಚಿತ್ರಗಳನ್ನು ನೋಡಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದೆ. ಹೋದ ವರ್ಷ ಎಕ್ಸ್‌ರೇ ವಿಭಾಗದವಳು ಎಲ್ಲ ಚಿತ್ರಗಳನ್ನೂ ಎರಡೆರಡು ಸಲ ನೋಡಿ, "ಇದರಲ್ಲಿ ಎಲ್ಲೂ ನೀವೇ ಇಲ್ವಲ್ಲ?" ಎಂದಳು. ಅವಳ ಕಸುಬೇ ಅಂಥದ್ದು, ಒಳಗಿನದು ಬೇಗ ಕಾಣುತ್ತದೆ. ಅವತ್ತು ನನಗೆ ನಗು ಬರಲಿಲ್ಲ.

ಹಾಗಾಗಿ ಈ ಸಲ ಉತ್ತರದ ಕಾಡುಸೀಮೆಗೆ ಹೋಗುವುದೆಂದು ತೀರ್ಮಾನವಾದಾಗ, ನನಗೆ ಸರೋವರ ಬೇಡ, ದೇವದಾರು ಬೇಡ, ಒಂದು ಕರಡಿ ಸಾಕು ಎಂದುಕೊಂಡೆ. ಒಂದೇ ಒಂದು. ಇಡಿಯಾಗಿ. ಮೂತಿಯಿಂದ ಹಿಡಿದು ಹಿಂಭಾಗದವರೆಗೆ.

ನನ್ನ ಪತಿರಾಯರು ಸರ್ವೇಯರು. ಇಡೀ ಜಿಲ್ಲೆಯಲ್ಲಿ ಯಾವ ಹೊಲದ ಗಡಿಕಲ್ಲು ಎಷ್ಟು ಅಡಿ ಎಷ್ಟು ಅಂಗುಲ ಸರಿದಿದೆ ಎಂದು ಬಲ್ಲವರು. ತಮ್ಮ ಕಾಲುಚೀಲ ಯಾವ ಡ್ರಾಯರಿನಲ್ಲಿದೆ ಎಂಬುದು ಮಾತ್ರ ಈವರೆಗೆ ಅಳತೆಗೆ ಸಿಕ್ಕಿಲ್ಲ. ನನ್ನ ಘೋಷಣೆ ಕೇಳಿ ಸಾಹೇಬರು ಮೀಸೆಯಡಿಯಲ್ಲೇ ನಕ್ಕರು.

"ಅಷ್ಟೇನಾ? ಪ್ಯಾಕಿಂಗ್ ಪೂರ್ತಿ ನಂಗೆ ಬಿಡು. ವೈಜ್ಞಾನಿಕವಾಗಿ ಮಾಡ್ತೀನಿ."

ಮಾಡಿದರು. ಹನ್ನೊಂದು ಪ್ಲಾಸ್ಟಿಕ್ ಡಬ್ಬಿಗಳು ಬಂದವು, ಒಂದೊಂದಕ್ಕೂ ಒಂದೊಂದು ಸಂಖ್ಯೆ. ಯಾವ ಸಾಮಾನು ಯಾವ ಡಬ್ಬಿಯ ಯಾವ ಮೂಲೆಯಲ್ಲಿದೆ ಎಂದು ಅಳತೆಗೆ ಸರಿಯಾಗಿ ಬರೆದ ನಕಾಶೆಯೂ ಸಿದ್ಧವಾಯಿತು. ಅದನ್ನು ಮಡಚಿ ಏಳನೆಯ ಡಬ್ಬಿಯಲ್ಲಿ ಭದ್ರವಾಗಿಟ್ಟರು. ಸಂಖ್ಯೆಗಳನ್ನು ಅಂಟಿಸಿದ್ದು ಡಬ್ಬಿಗಳ ತಳಕ್ಕೆ!

ವ್ಯಾನು ಬೀದಿಯ ತಿರುವು ದಾಟಿತು. ಐದು ನಿಮಿಷವಾಗಿರಲಿಲ್ಲ.

"ಏನೇ, ನನ್ನ ಕೂಲಿಂಗ್ ಗ್ಲಾಸ್ ಎಲ್ಲಿದೆ?"

ನಾನು ಕಿಟಕಿಯಿಂದಾಚೆ ನೋಡಿದೆ. ಹಿಂದಿನ ಸೀಟಿನಲ್ಲಿ ಹದಿನೈದರ ಮಗಳು ಕಿಸಕ್ಕೆಂದಳು. ಅತ್ತೆ ಮಾತ್ರ ಹೆಣಿಗೆ ಕಡ್ಡಿ ನಿಲ್ಲಿಸಿ ನನ್ನ ಬೆನ್ನನ್ನೇ ನೋಡುತ್ತಿದ್ದರಂತೆ. ತಮ್ಮ ಮಗ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ಗಾಡಿ ಓಡಿಸುವುದನ್ನು ನೋಡಿ ಅವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆಂದು ನಾನು ಕಾದೆ. ಹತ್ತು ಮೈಲಿ ಹೋದ ಮೇಲೆ ಅವರು ನಿಧಾನವಾಗಿ ಕೇಳಿದರು: "ಈ ವ್ರತಕ್ಕೆ ವಯಸ್ಸಿನ ಮಿತಿ ಏನಾದ್ರೂ ಇದ್ಯೇನಮ್ಮಾ? ನಾನೂ ಸೇರ್ಕೋಬಹುದಾ?"

ಹೀಗೆ ನಮ್ಮ ಪಕ್ಷದ ಸದಸ್ಯರ ಸಂಖ್ಯೆ ಮೊದಲ ದಿನವೇ ಇಮ್ಮಡಿಯಾಯಿತು.

ಮುಂದಿನ ದಿನಗಳ ಚರಿತ್ರೆಯನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಮೊದಲ ರಾತ್ರಿಯ ಬಿಡಾರದಲ್ಲಿ ಬ್ರಷ್ಷು ಸಿಗದೆ ಎಲ್ಲರೂ ಬೆರಳಿನಲ್ಲಿ ಹಲ್ಲುಜ್ಜಿದೆವು. ಎರಡನೆಯ ದಿನ ತಗಡಿನ ಡಬ್ಬಿ ಕೊರೆಯುವ ಸಾಧನ ಸಿಗದೆ ಸಾಹೇಬರು ಬಟಾಣಿಯ ಡಬ್ಬಿಯನ್ನು ಗೂಟ ಹೊಡೆಯುವ ಸುತ್ತಿಗೆಯಿಂದ ತೆರೆದರು. ಬಟಾಣಿ ಆ ಕಾಡಿನ ನಾಲ್ಕು ದಿಕ್ಕಿಗೂ ಸಮನಾಗಿ ಹಂಚಿಕೆಯಾಯಿತು. ಮೂರನೆಯ ದಿನ ಸೊಳ್ಳೆಯ ಮುಲಾಮಿಗೆ ಬದಲಾಗಿ ಅತ್ತೆಯ ಮಂಡಿನೋವಿನ ಎಣ್ಣೆ ಸಿಕ್ಕಿತು. ಅದನ್ನೇ ಬಳಿದುಕೊಂಡ ಸಾಹೇಬರನ್ನು ಸೊಳ್ಳೆಗಳು ಮುತ್ತಿದವು, ಆದರೆ ಮಂಡಿ ಬಹಳ ಹಗುರಾಯಿತಂತೆ. ಅಷ್ಟು ಉತ್ತರಕ್ಕಿರುವ ಆ ಸೀಮೆಯಲ್ಲಿ ಬೇಸಿಗೆಯ ಸೂರ್ಯ ರಾತ್ರಿ ಹತ್ತಾದರೂ ಮುಳುಗುವುದಿಲ್ಲ. ಬೆಳಕಿದ್ದಷ್ಟು ಹೊತ್ತೂ ಅಡುಗೆ ಮನೆ ಮುಚ್ಚುವಂತಿಲ್ಲ ಎಂಬ ನಿಯಮದಲ್ಲಿ ಬೆಳೆದವಳಿಗೆ ಅದೆಂಥ ಶಿಕ್ಷೆ ಎಂದು ನೀವೇ ಊಹಿಸಿ. ನಾನು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

ಕಷ್ಟವೇನೆಂದರೆ, ನನಗೆ ಎಲ್ಲವೂ ಗೊತ್ತಿತ್ತು. ಬ್ರಷ್ಷು ಹಸಿರು ಮುಚ್ಚಳದ ಡಬ್ಬಿಯಲ್ಲಿ, ಟವೆಲಿನ ಮಡಿಕೆಯಲ್ಲಿ. ಡಬ್ಬಿ ಕೊರೆಯುವುದು ಟಾರ್ಚಿನ ಪಕ್ಕ. ನಾನು ಹುಡುಕಿ ತಿಳಿದದ್ದಲ್ಲ. ಅವರು ತುಂಬುವಾಗ ಬಾಗಿಲಲ್ಲಿ ಎರಡು ಸಲ ಹಾದುಹೋದೆ, ಅಷ್ಟೇ. ಇಪ್ಪತ್ತೆರಡು ವರ್ಷದ ರೋಗ ಇದು. ಉತ್ತರ ನಾಲಿಗೆಯ ತುದಿಗೆ ಬಂದು ಕೂರುತ್ತಿತ್ತು, ನಾನು ನುಂಗುತ್ತಿದ್ದೆ. ಐದು ದಿನದಲ್ಲಿ ನಾನು ನುಂಗಿದ ಉತ್ತರಗಳಿಂದಲೇ ನನ್ನ ತೂಕ ಹೆಚ್ಚಿರಬೇಕು.

ಇಷ್ಟಾದರೂ ಕಾಡು ನನಗೆ ಏನನ್ನೂ ತೋರಿಸಲಿಲ್ಲ. ಎತ್ತಿನಷ್ಟು ಎತ್ತರದ, ಸಲಿಕೆಯಂಥ ಕೊಂಬಿನ ಕಾಡುಜಿಂಕೆಯೊಂದು ವ್ಯಾನಿನ ಮುಂದೆಯೇ ಕೆರೆಗಿಳಿಯಿತಂತೆ. ಸೀಟಿನಡಿ ಉರುಳಿದ ನೀರಿನ ಬಾಟಲಿಯ ಬಿರಡೆಯನ್ನು ಎತ್ತಲು ನಾನು ಬಗ್ಗಿದ್ದೆ. ಯಾರೂ ಕೇಳಿರಲಿಲ್ಲ, ಕೈ ತಾನಾಗಿ ಹೋಗಿತ್ತು. ತಲೆಯೆತ್ತಿದಾಗ ಕೆರೆಯಲ್ಲಿ ಅಲೆಗಳ ಉಂಗುರ ಮಾತ್ರ ಉಳಿದಿತ್ತು. ಬಾಯಿಗೆ ಬೀಗ ಹಾಕಿದ್ದು ಸಾಲದು, ಕೈಗೂ ಹಾಕಬೇಕು ಎಂದು ಅವತ್ತೇ ನಿರ್ಧರಿಸಿದೆ.

ಆರನೆಯ ದಿನ ಕೊನೆಯ ಬಿಡಾರ ತಲುಪಿದೆವು. ನದಿಯ ದಂಡೆ, ದೇವದಾರು ಮರಗಳ ನಡುವೆ ಒಂದು ಮರದ ಮೇಜು, ಸ್ವಲ್ಪ ದೂರದಲ್ಲಿ ಕಬ್ಬಿಣದ ಪೆಟ್ಟಿಗೆ, ಆಚೆಗೊಂದು ನೀರಿನ ನಲ್ಲಿ. ಅಲ್ಲಿನ ಗಾರ್ಡ್ ಒಬ್ಬ ತೆಳ್ಳಗಿನ, ಆತುರವಿಲ್ಲದ ಮನುಷ್ಯ. ನಮ್ಮನ್ನು ಸಾಲಾಗಿ ನಿಲ್ಲಿಸಿ ನಿಯಮ ಹೇಳಿದ. ತಿನ್ನುವ ಪದಾರ್ಥವೆಲ್ಲ ಆ ಕಬ್ಬಿಣದ ಪೆಟ್ಟಿಗೆಯಲ್ಲೇ ಇರಬೇಕು. ಕರಡಿ ಹತ್ತಿರ ಬಂದರೆ ಓಡಬಾರದು, ಕಿರುಚಬಾರದು. ವ್ಯಾನಿನ ಹತ್ತಿರವಿದ್ದವರು ಸದ್ದಿಲ್ಲದೆ ಒಳಗೆ ಕೂರಬೇಕು. ಇಲ್ಲದವರು ಕದಲದೆ, ತಗ್ಗಿದ ದನಿಯಲ್ಲಿ ಸಮಾಧಾನವಾಗಿ ಮಾತಾಡಬೇಕು. ಆಮೇಲೆ ನದಿಯ ತಿರುವನ್ನು ತೋರಿಸಿ, ದಿನಾ ಸಾಯಂಕಾಲ ಐದರ ಹೊತ್ತಿಗೆ ಒಂದು ಕರಡಿ ಅಲ್ಲಿಗೆ ಮೀನು ಹಿಡಿಯಲು ಬರುತ್ತದೆ ಎಂದ.

ನಾನು ಮೂರು ಗಂಟೆಗೇ ಕುರ್ಚಿ ಹಾಕಿದೆ. ಮೇಜಿಗೆ ಬೆನ್ನು, ನದಿಗೆ ಮುಖ, ಕಣ್ಣಿಗೆ ಸಾಹೇಬರ ದುರ್ಬೀನು. ಎಲ್ಲರಿಗೂ ಕೇಳುವಂತೆ ಹೇಳಿದೆ: "ಆಕಾಶ ಕಳಚಿ ಬಿದ್ರೂ ನಾನು ಹಿಂದೆ ತಿರುಗೋಳಲ್ಲ. ಬಿದ್ದ ಚೂರನ್ನ ನೀವೇ ಎತ್ತಿಡಿ."

ನಾಲ್ಕೂಮುಕ್ಕಾಲಿಗೆ ಸಾಹೇಬರಿಗೆ ಚಹದ ನೆನಪಾಯಿತು. ತಾವೇ ಮಾಡುವುದಾಗಿ ಹೇಳಿದರು. ಯಾವುದರಲ್ಲಿ ತಿನಿಸಿದೆಯೋ ತಿಳಿಯದೆ ಕಬ್ಬಿಣದ ಪೆಟ್ಟಿಗೆಗೇ ತುಂಬಿದ್ದ ಹನ್ನೊಂದೂ ಡಬ್ಬಿಗಳನ್ನು ಹೊತ್ತು ತಂದು ನನ್ನ ಹಿಂದಿನ ಮೇಜಿನ ಮೇಲೆ ಹರಡುವ ಸದ್ದು ಕೇಳಿತು. ಮುಚ್ಚಳಗಳು ತೆರೆದವು. ಅಲ್ಲಾಡಿಸಿದರು, ಗೊಣಗಿದರು, ಕೊನೆಗೆ ಬಂದೇ ಬಂತು:

"ಸಕ್ಕರೆ ಎಲ್ಲಿದೆ?"

ನಾನು ಉಸಿರು ಬಿಗಿಹಿಡಿದೆ. ಅವರು ನಿಟ್ಟುಸಿರು ಬಿಟ್ಟು, ಮೊದಲು ನೀರಾದರೂ ತರೋಣ ಎಂದುಕೊಂಡರೋ ಏನೋ, ಹೆಜ್ಜೆ ಸದ್ದು ದೂರವಾಯಿತು. ಸ್ವಲ್ಪ ಹೊತ್ತಿಗೆ ಹೆಜ್ಜೆ ಮರಳಿತು. ಮತ್ತೆ ಹುಡುಕಾಟ. ಒಂದು ತಟ್ಟೆ ಉರುಳಿತು, ಒಂದು ಡಬ್ಬಿ ಮಗುಚಿತು. ಸಿಗದಿದ್ದಾಗ ಸಾಹೇಬರು ಮೂಗಿನಲ್ಲಿ ಭುಸ್ ಎನ್ನುವ ಅಭ್ಯಾಸ, ಅದೂ ಕೇಳಿತು. ಒಂದರ ಹಿಂದೊಂದು ಡಬ್ಬಿ ಮಗುಚಿದವು. ಗಂಟೆ ಐದಾಗುತ್ತಾ ಬಂದಿತ್ತು. ಈ ಗಲಾಟೆಗೆ ನದಿಯ ಕಡೆ ಬರುವ ಕರಡಿಯೂ ಹೆದರಿ ವಾಪಸು ಹೋದರೆ? ನನ್ನ ಇಷ್ಟು ವರ್ಷದ ಕಾಯುವಿಕೆ ಒಂದು ಚಮಚ ಸಕ್ಕರೆಗೆ ನೀರುಪಾಲಾದರೆ?

ಕಟ್ಟೆ ಒಡೆಯಿತು. ಆದರೂ ನಾನು ಎಚ್ಚರದ ಹೆಂಗಸು. ಕಣ್ಣು ದುರ್ಬೀನಿನಿಂದ ತೆಗೆಯಲಿಲ್ಲ, ಕತ್ತು ತಿರುಗಿಸಲಿಲ್ಲ, ದನಿ ಏರಿಸಲಿಲ್ಲ.

"ಎಡಗಡೆ," ಎಂದೆ ಮೆಲ್ಲಗೆ, ಸದ್ದಿನ ಮೇಲೇ ಅಂದಾಜು ಮಾಡಿ. "ಅದಲ್ಲ, ಇನ್ನೂ ಎಡಕ್ಕೆ. ನೀಲಿ ಮುಚ್ಚಳ. ಕೆಳಗಡೆ ಕೈ ಹಾಕಿ."

ಗರಗರ ಸದ್ದು. ಪ್ಲಾಸ್ಟಿಕ್ ಚೀಲ ಹರಿಯಿತು.

"ಸಿಕ್ತಾ?"

"ಹೂಂ" ಎನ್ನುವಂಥದ್ದೇನೋ ಕೇಳಿತು.

"ಎರಡು ಚಮಚ ಸಾಕು. ಡಾಕ್ಟರ್ ಹೇಳಿದ್ದು ಮರೀಬೇಡಿ, ನಿಮಗೆ ಶುಗರ್ ಇದೆ. ಒದ್ದೆ ಕೈ ಹಾಕ್ಬೇಡಿ. ಮುಗಿದ ಮೇಲೆ ಮುಚ್ಚಳ ಹಾಕಿಡಿ, ಇರುವೆ ಬರುತ್ತೆ."

ಚಪ್ಪರಿಸುವ ಸದ್ದು ಬಂತು. ಚಹಕ್ಕೆ ಮುಂಚೆಯೇ ಸಕ್ಕರೆ ಮುಕ್ಕುತ್ತಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ಊರಿಗೆ ಹೋದ ಮೇಲೆ ರಕ್ತ ಪರೀಕ್ಷೆ ಮಾಡಿಸುತ್ತೇನೆ ಎಂದು ಒಂದು ಮಾತು ಸೇರಿಸಿದೆ. ಹೆಜ್ಜೆಗಳು ಸಾವಕಾಶವಾಗಿ ಮರಗಳ ಕಡೆ ಹೋದವು. ಐದಾಯಿತು. ಐದೂಕಾಲಾಯಿತು. ನದಿಯ ತಿರುವಿನಲ್ಲಿ ನೀರು ಬಿಟ್ಟರೆ ಏನೂ ಇಲ್ಲ.

ಆಗ ನಲ್ಲಿಯ ಕಡೆಯಿಂದ, ನನ್ನ ಬಲಕ್ಕೆ ಇಪ್ಪತ್ತು ಮಾರು ದೂರದಿಂದ, ಸಾಹೇಬರ ದನಿ ಬಂತು. ತೆಳ್ಳಗೆ, ದಾರದಂತೆ.

"ಏನೇ... ಹೋಯ್ತಾ ಅದು?"

"ಯಾವುದು?" ಎನ್ನುತ್ತಾ ನಾನು ಮೂರು ಗಂಟೆಯಿಂದೀಚೆಗೆ ಮೊದಲ ಬಾರಿ ಹಿಂದೆ ತಿರುಗಿ ನೋಡಿದೆ.

ಸಾಹೇಬರು ಕೆಟಲು ಹಿಡಿದು, ತಾವೇ ಹುಗಿದ ಗಡಿಕಲ್ಲಿನಂತೆ ನಿಂತಿದ್ದರು. ವ್ಯಾನಿನ ಗಾಜಿಗೆ ಅತ್ತೆ ಮತ್ತು ಮಗಳ ಎರಡು ಬಿಳಿಚಿದ ಮುಖಗಳು ಅಂಟಿಕೊಂಡಿದ್ದವು. ಹನ್ನೊಂದು ಡಬ್ಬಿಗಳು ತಲೆಕೆಳಗಾಗಿ, ಸಂಖ್ಯೆಗಳು ಮೊದಲ ಬಾರಿಗೆ ಎಲ್ಲರಿಗೂ ಕಾಣುವಂತೆ ಬಿದ್ದಿದ್ದವು.

ಗಾರ್ಡಿನ ಮಾತನ್ನು ನನ್ನ ಕುಟುಂಬ ಅಕ್ಷರಶಃ ಪಾಲಿಸಿತ್ತು. ಯಾರೂ ಓಡಲಿಲ್ಲ, ಯಾರೂ ಕಿರುಚಲಿಲ್ಲ. ಮಗಳು ವ್ಯಾನಿನ ಕಿಟಕಿಯ ಸಂದಿಯಿಂದ ವೀಡಿಯೊ ಮಾಡಿದ್ದಳು. ಅದರಲ್ಲಿ ಒಂದು ದೊಡ್ಡ ಕಂದು ಬೆನ್ನು, ನನ್ನ ಕುರ್ಚಿಯಿಂದ ಎಂಟು ಹೆಜ್ಜೆ ಹಿಂದೆ. ಫೋನು ಅಲುಗಾಡಿ ಮೂತಿ ಸರಿಯಾಗಿ ಕಾಣಲಿಲ್ಲ. ನನ್ನ ದನಿ ಮಾತ್ರ ಸ್ಪಷ್ಟ. ನಾನು ಎಡಗಡೆ ಎಂದರೆ ಅದು ಎಡಕ್ಕೆ ಸರಿಯುತ್ತದೆ. ನೀಲಿ ಮುಚ್ಚಳ ಎಂದರೆ ಅಲ್ಲಿಗೇ ಕೈ ಹಾಕುತ್ತದೆ. ಸಾಹೇಬರು ವೀಡಿಯೊವನ್ನು ಮೂರು ಸಲ ನೋಡಿ, ಸ್ವಲ್ಪ ಬೇಸರದಿಂದಲೇ ಹೇಳಿದರು: "ನಂಗೆ ಇಷ್ಟು ವಿವರವಾಗಿ ನೀನು ಯಾವತ್ತೂ ಹೇಳಿಲ್ಲ."

ಅತ್ತೆ ಇಳಿದು ಬಂದು ನನ್ನ ಕೈ ಹಿಡಿದುಕೊಂಡರು. "ನಿನ್ನನ್ನ ಕರೆಯೋಕೆ ಬಾಯಿ ತೆಗೆದೆ ಕಣಮ್ಮಾ, ದನೀನೇ ಬರ್ಲಿಲ್ಲ," ಎಂದರು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು. ನಾನೂ ನಗಬೇಕೆಂದುಕೊಂಡೆ. ಎಂಟೇ ಹೆಜ್ಜೆ. ಕತ್ತು ತಿರುಗಿಸಿದ್ದರೆ ಸಾಕಿತ್ತು.

ಗಾರ್ಡ್ ಬಂದ. ಡಬ್ಬಿಗಳನ್ನು ಮೇಜಿನ ಮೇಲೆ ಬಿಟ್ಟು ಹೋದದ್ದಕ್ಕೆ ಸಾಹೇಬರಿಗೆ ಸರಿಯಾಗಿ ಬೈದ. ನನ್ನ ಕಡೆ ತಿರುಗಿ, ಇಷ್ಟು ವರ್ಷದ ನೌಕರಿಯಲ್ಲಿ ಕರಡಿಯೊಂದಿಗೆ ಇಷ್ಟು ಸಮಾಧಾನದಿಂದ ಮಾತಾಡಿದವರನ್ನು ಕಂಡಿಲ್ಲ ಎಂದ. ನನಗೆ ಸ್ವಲ್ಪ ಜೀವ ಬಂತು. ಅವನು ಕಂಕುಳಿಂದ ದಪ್ಪ ರಟ್ಟಿನ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದ. ಪ್ರಾಣಿ ಕಂಡ ದಿನ, ಸ್ಥಳ, ಕಂಡವರ ಸಹಿ, ಇತರೆ ವಿವರ. ಸಾಹೇಬರು ಸಹಿ ಹಾಕಿದರು. ಮಗಳು ಹಾಕಿದಳು. ಅತ್ತೆ ಅಕ್ಷರಕ್ಕೆ ಅಕ್ಷರ ಕೂಡಿಸಿ, ತಮ್ಮ ಪೂರ್ತಿ ಹೆಸರು ಬರೆದರು. ಪುಸ್ತಕ ನನ್ನ ಕಡೆ ತಿರುಗಿತು.

"ನೀವು, ಮೇಡಂ?"

ದಾಖಲೆ ಕೊಠಡಿಯವಳು ನಾನು. ದಾಖಲೆಯಲ್ಲಿ ಸುಳ್ಳು ಬರೆಯಲಾರೆ.

"ನಾನು ನೋಡ್ಲಿಲ್ಲ," ಎಂದೆ. "ಮಾತಾಡಿಸಿದೆ ಅಷ್ಟೇ."

ಗಾರ್ಡ್ ಪುಟವನ್ನು ಮೇಲಿಂದ ಕೆಳಗೆ ನೋಡಿದ. ಅಂಥವರಿಗೆ ಅದರಲ್ಲಿ ಜಾಗವಿರಲಿಲ್ಲ. ಸ್ವಲ್ಪ ಯೋಚಿಸಿ, "ಇತರೆ ವಿವರ" ಎಂಬಲ್ಲಿ ದುಂಡಗೆ ಬರೆದು, ನನಗೆ ಓದಲು ಕೊಟ್ಟ: "ಮಹಿಳೆಯೊಬ್ಬರ ನೆರವಿನಿಂದ ಕರಡಿಗೆ ಸಕ್ಕರೆ ಸಿಕ್ಕಿತು."

ಎರಡು ಸಲ ಓದಿದೆ. ತಿದ್ದಲು ಒಂದಾದರೂ ತಪ್ಪು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಪೆನ್ನು ತೆಗೆದುಕೊಂಡು ಅದರ ಕೆಳಗೆ ಸಹಿ ಹಾಕಿದೆ.