ಸಂಘದ ಸರಾಸರಿ ಅಂಗೈಗೊಂದು ಕವಚ

ಅರಸೀಕೆರೆಯ ಮುಕ್ಕಣ್ಣ ತೆಂಗು ಬೆಳೆಗಾರರ ಸಹಕಾರ ಸಂಘದ ಸದಸ್ಯರ ಸರಾಸರಿ ವಯಸ್ಸು ಅರವತ್ತೆಂಟು ವರ್ಷ ನಾಲ್ಕು ತಿಂಗಳು. ಇದನ್ನು ಯಾರೂ ಗುಟ್ಟಾಗಿ ಇಟ್ಟಿರಲಿಲ್ಲ. ಆದರೂ ಮೇಲಿನ ಕಚೇರಿಗೆ ಇದು ತಿಳಿಯಲು ತಡವಾಯಿತು, ತಿಳಿದ ಮೇಲೆ ಅದು ಸುಮ್ಮನೆ ಕೂರಲಿಲ್ಲ. ‘ಯುವಜನಾಕರ್ಷಣಾ ಯೋಜನೆ’ಯಡಿ ಸಂಘಕ್ಕೆ ಒಂದು ಕೈಹಿಡಿ ಆಟಯಂತ್ರ ಮಂಜೂರಾಯಿತು. ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಆಡುವ, ನಡುವೆ ಪುಟ್ಟ ಪರದೆಯಿರುವ ಯಂತ್ರ. ಅದನ್ನು ಆಡಲು ಯುವಕರು ಸಂಘಕ್ಕೆ ಬರುತ್ತಾರೆ, ಬಂದವರು ಸದಸ್ಯರಾಗುತ್ತಾರೆ, ಸದಸ್ಯರಾದವರು ತೆಂಗಿನ ಸಸಿ ನೆಡುತ್ತಾರೆ ಎಂಬುದು ಸುತ್ತೋಲೆಯ ಸಾರಾಂಶ.

ಯುವಕರು ಬರಲಿಲ್ಲ. ಬರುವವರು ತಂದೆಯ ಪಹಣಿ, ತಾತನ ಮರಣ ಪ್ರಮಾಣಪತ್ರ ಮತ್ತು ತಮ್ಮ ಕೈಗೆ ಕಜ್ಜಿಯಿಲ್ಲವೆಂಬ ವೈದ್ಯರ ಪತ್ರ ತರತಕ್ಕದ್ದು ಎಂದು ಕಾರ್ಯದರ್ಶಿ ಷಡಕ್ಷರಪ್ಪನವರು ಬಾಗಿಲಲ್ಲೇ ಫಲಕ ಹಾಕಿಸಿದ್ದರು. ನಿಯಮ ಬರೆಯುವುದರಲ್ಲಿ ಅವರದು ಪಳಗಿದ ಕೈ. ಮೂವತ್ತೊಂದು ವರ್ಷದ ಸೇವೆಯಲ್ಲಿ ಅವರು ಬರೆದ ನಿಯಮಗಳಿಂದ ಸಂಘದಲ್ಲಿ ಒಂದು ತಪ್ಪು ಕೆಲಸವೂ ನಡೆದಿರಲಿಲ್ಲ. ಸರಿಯಾದ ಕೆಲಸವೂ ನಡೆದಿರಲಿಲ್ಲ ಎನ್ನುವವರು ಇದ್ದರು. ಅವರಿಗೂ ಒಂದು ಅರ್ಜಿ ನಮೂನೆ ಇತ್ತು.

ಯಂತ್ರ ಸುಮ್ಮನೆ ಬಿದ್ದಿದ್ದರೆ ಕೆಡುವುದರಿಂದ ದಿನಕ್ಕೆ ಅರ್ಧ ಗಂಟೆ ಅದನ್ನು ‘ಚಾಲನೆಯಲ್ಲಿ ಇಡತಕ್ಕದ್ದು’ ಎಂದು ಸುತ್ತೋಲೆಯ ಒಂಬತ್ತನೇ ಅಂಶ ಹೇಳುತ್ತಿತ್ತು. ಕರ್ತವ್ಯ ಎಂದ ಮೇಲೆ ಷಡಕ್ಷರಪ್ಪನವರು ಹಿಂದೆ ಸರಿಯುವವರಲ್ಲ. ಗುಮಾಸ್ತೆ ಹೇಮಲತಾಳಿಂದ ಯಾವ ಬಟನ್ ಯಾವುದಕ್ಕೆ ಎಂದು ಕೇಳಿ ಬರೆದುಕೊಂಡರು. ಯಂತ್ರದೊಳಗೆ ಒಂದು ಕೋಳಿ ಇತ್ತು. ಅದು ತನ್ನ ಏಳು ಮರಿಗಳನ್ನು ನಲವತ್ತು ಸೇತುವೆ ದಾಟಿಸಬೇಕು. ಷಡಕ್ಷರಪ್ಪನವರದು ಮೊಟ್ಟೆಯನ್ನೂ ಹೊಸಿಲೊಳಗೆ ಬಿಟ್ಟುಕೊಳ್ಳದ ಮನೆತನ. ಮೊದಲ ದಿನ ಮೇಜಿನ ಕೆಳಗೆ ಹಿಡಿದು ಆಡಿದರು. ಎರಡನೇ ತಿಂಗಳಿಗೆ ‘ಅರ್ಧ ಗಂಟೆ’ ಎಂಬುದನ್ನು ‘ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ’ ಎಂದು ಅವರೇ ತಿದ್ದಿದರು. ಚಾಲನಾ ಪುಸ್ತಕವೆಂದು ಒಂದು ರಿಜಿಸ್ಟರ್ ತೆರೆದು, ‘ಹದಿನೇಳನೇ ಸೇತುವೆ, ಐದು ಮರಿ ಕ್ಷೇಮ, ಎರಡು ನೀರುಪಾಲು’ ಎಂದು ದಿನವೂ ನಮೂದಿಸಿ ಸಹಿ ಮಾಡುತ್ತಿದ್ದರು.

ಮೂವತ್ತೊಂಬತ್ತು ಸೇತುವೆ ದಾಟಿತು. ನಲವತ್ತನೆಯದು ಹಗ್ಗದ ಸೇತುವೆ. ಆರು ಮರಿ ದಾಟುತ್ತಿದ್ದವು, ಏಳನೆಯದು ಬೀಳುತ್ತಿತ್ತು. ತಪ್ಪು ಮರಿಯದಲ್ಲ. ಯಂತ್ರದ ಬೆನ್ನು ನುಣುಪು, ಅಂಚು ಚೂಪು. ಹೊತ್ತಾದಂತೆ ಅಂಗೈ ಬೆವರಿ, ಹೆಬ್ಬೆರಳ ಬುಡ ಸೆಳೆದು, ಸರಿಯಾಗಿ ಏಳನೇ ಮರಿಯ ಹೊತ್ತಿಗೇ ಹಿಡಿತ ಜಾರುತ್ತಿತ್ತು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಆ ಒಂದು ಮರಿಯನ್ನು ಆಚೆ ದಡ ಸೇರಿಸದೆ ಕುರ್ಚಿ ಬಿಟ್ಟು ಹೋಗುವುದೆಂದರೆ ಷಡಕ್ಷರಪ್ಪನವರಿಗೆ ನಿಜಕ್ಕೂ ಸಂಕಟ. ಮೂವತ್ತೊಂದು ವರ್ಷದಲ್ಲಿ ಅವರು ಒಂದು ಕೆಲಸವನ್ನಾದರೂ ಮುಗಿಸಬೇಕು ಎಂದುಕೊಂಡದ್ದು ಇದೇ ಮೊದಲು.

ಒಂದು ಮಧ್ಯಾಹ್ನ ಯಂತ್ರ ಕೈಜಾರಿ ಕಡಪ ಕಲ್ಲಿನ ನೆಲಕ್ಕೆ ಬಿದ್ದು ಮೂಲೆ ತರಚಿತು. ಇದಕ್ಕೆ ಗ್ರಿಪ್ ಕೇಸು ಅಂತ ಬರುತ್ತದೆ, ಹಿಂದೆ ಹಿಡಿಯಂಥ ಉಬ್ಬು ಇರುತ್ತದೆ, ಕೈಗೂ ಹಿತ, ಬಿದ್ದರೂ ಏನಾಗುವುದಿಲ್ಲ ಎಂದಳು ಹೇಮಲತಾ. ಬೇರೆಯವರಾಗಿದ್ದರೆ ಸಂಜೆಯೇ ಒಂದು ತಂದು ತೊಡಿಸುತ್ತಿದ್ದರು. ಆದರೆ ಸಂಘದ ಆಸ್ತಿಗೆ ಸ್ವಂತದ ಕವರ್ ತೊಡಿಸಿದರೆ ಹೊರಗಿನದು ಯಾರದು, ಒಳಗಿನದು ಯಾರದು ಎಂಬ ತಕರಾರು ಹುಟ್ಟುತ್ತದೆ ಎಂದು ಅವರು ನಿರ್ಣಯವೊಂದನ್ನು ಬರೆದರು: ‘ಸಂಘದ ಆಟಯಂತ್ರಕ್ಕೆ, ಹಿಡಿಯಲು ಹಿತವೂ ಬಿದ್ದಾಗ ರಕ್ಷಣೆಯೂ ಆಗುವ ಹಿಡಿಕವಚವನ್ನು ಖರೀದಿಸತಕ್ಕದ್ದು. ಕವಚ ಬರುವ ತನಕ ಯಂತ್ರವನ್ನು ಯಾರೂ ಮುಟ್ಟತಕ್ಕದ್ದಲ್ಲ.’

ಎರಡನೇ ವಾಕ್ಯ ಬೇಕಿರಲಿಲ್ಲ. ಆದರೆ ‘ತಕ್ಕದ್ದಲ್ಲ’ ಎಂಬುದಿಲ್ಲದೆ ನಿಯಮ ಮುಗಿಸುವುದು ಅವರಿಗೆ ಉಪ್ಪಿಲ್ಲದ ಸಾರು ಉಂಡ ಹಾಗೆ. ನಿರ್ಣಯ ಸರ್ವಾನುಮತದಿಂದ ಪಾಸಾಯಿತು, ಯಂತ್ರ ಬೀರು ಸೇರಿತು, ಬೀರುವಿನ ಕೀ ಅಧ್ಯಕ್ಷ ಕೆಂಚಪ್ಪನವರ ಸೊಂಟ ಸೇರಿತು. ತೋಡಿದ ಗುಂಡಿಯ ಆಳ ಎಷ್ಟೆಂದು ಷಡಕ್ಷರಪ್ಪನವರಿಗೆ ಗೊತ್ತಾದದ್ದು ಮಾರನೆಯ ದಿನ, ಊಟವಾದ ಮೇಲೆ, ಹೆಬ್ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಆಡತೊಡಗಿದಾಗ.

ಕವಚ ಯಾರ ಕೈಗೆ ಹಿತವಾಗಬೇಕು ಎಂಬ ಪ್ರಶ್ನೆ ಮೊದಲ ಸಭೆಯಲ್ಲೇ ಎದ್ದಿತು. ಸಂಘದ್ದು ಎಂದ ಮೇಲೆ ಸಂಘದ ಕೈಗೆ ಎಂದು ಕೆಂಚಪ್ಪನವರು ಹೇಳಿದರು. ಸಂಘದ ಕೈ ಎಷ್ಟು ದೊಡ್ಡದು ಎಂದು ತಿಳಿಯಲು ಹನ್ನೊಂದು ಜನ ನಿರ್ದೇಶಕರ ಬಲಗೈಗಳನ್ನು ಬಿಳಿ ಹಾಳೆಯ ಮೇಲಿಟ್ಟು ಸೀಸದಕಡ್ಡಿಯಲ್ಲಿ ಗೆರೆ ಎಳೆಯಲಾಯಿತು. ಒಬ್ಬರು ಕಾಯಿ ಸುಲಿಯುವಾಗ ಕಿರುಬೆರಳು ಕಳೆದುಕೊಂಡಿದ್ದರಿಂದ ಒಟ್ಟು ಐವತ್ತನಾಲ್ಕು ಬೆರಳು ಲೆಕ್ಕಕ್ಕೆ ಸಿಕ್ಕಿ, ಸಂಘದ ಕೈಗೆ ಸರಾಸರಿ ನಾಲ್ಕು ಮುಕ್ಕಾಲು ಬೆರಳು ಮತ್ತು ಚೂರು ಬಂತು. ಚಿಲ್ಲರೆಯನ್ನು ಕೈಬಿಡುವುದು ಸಂಘದ ವಾಡಿಕೆ. ಹಾಗಾಗಿ ಸಂಘದ ಕೈಗೆ ನಾಲ್ಕು ಬೆರಳು ಎಂದು ತೀರ್ಮಾನವಾಯಿತು. ಯಾವ ಬೆರಳನ್ನು ಬಿಡುವುದು ಎಂದು ಒಂದಿಡೀ ತಿಂಗಳು ಚರ್ಚೆ ನಡೆದು, ಸದಸ್ಯರೆಲ್ಲ ಈಗ ಸಹಿ ಹಾಕಲು ಕಲಿತಿರುವುದರಿಂದ ಸಂಘಕ್ಕೆ ಹೆಬ್ಬೆಟ್ಟಿನ ಅಗತ್ಯವಿಲ್ಲವೆಂದು ಹೆಬ್ಬೆರಳನ್ನು ಕೈಬಿಡಲಾಯಿತು. ಷಡಕ್ಷರಪ್ಪನವರು ನೋಯುತ್ತಿದ್ದ ಹೆಬ್ಬೆರಳನ್ನೇ ಒತ್ತಿಹಿಡಿದು ಈ ನಿರ್ಣಯವನ್ನು ದಾಖಲಿಸಿದರು.

ಮುಂದಿನ ತಿಂಗಳು ಖರೀದಿ ಉಪಸಮಿತಿ ಬೇಲೂರಿಗೆ ಹೊರಟಿತು. ಅರಸೀಕೆರೆಯ ಮೊಬೈಲ್ ಅಂಗಡಿಯವರೆಲ್ಲ ಒಬ್ಬರಲ್ಲ ಒಬ್ಬ ನಿರ್ದೇಶಕರಿಗೆ ಬೀಗರಾಗಿದ್ದರಿಂದ ಅಲ್ಲಿ ಕೊಳ್ಳುವಂತಿರಲಿಲ್ಲ. ದಾರಿಯಲ್ಲಿ ಹಳೇಬೀಡಿನಲ್ಲಿ ಊಟಕ್ಕೆ ಇಳಿದ ಸಮಿತಿ, ಬಂದದ್ದು ಬಂದಾಯಿತು ಎಂದು ದೇವಸ್ಥಾನದ ಸುತ್ತ ಒಂದು ಸುತ್ತು ಹಾಕಿತು. ವರದಿಯಲ್ಲಿ ಅದು ಹೀಗೆ ದಾಖಲಾಗಿದೆ: ‘ಶಿಲ್ಪಗಳು ಡಮರು, ಖಡ್ಗ, ಕನ್ನಡಿ ಮುಂತಾದ ಕೈಹಿಡಿ ವಸ್ತುಗಳನ್ನು ಹಿಡಿದಿರುವ ಬಗೆಯನ್ನು ಸಮಿತಿಯು ಅಧ್ಯಯನ ಮಾಡಿತು. ಯಾವ ವಸ್ತುವಿಗೂ ಕವಚ ಇಲ್ಲ. ಪರಿಣಾಮವಾಗಿ ಬಹುತೇಕ ಕೈಗಳು ಮುರಿದಿರುತ್ತವೆ.’ ಈ ಒಂದು ವಾಕ್ಯ ಕವಚದ ಅಗತ್ಯವನ್ನು ಸಾಬೀತುಪಡಿಸಿತು ಎಂದು ಸಭೆ ಮೇಜು ತಟ್ಟಿತು. ಷಡಕ್ಷರಪ್ಪನವರೂ ತಟ್ಟಿದರು. ಹೆಬ್ಬೆರಳು ಬಿಟ್ಟು ತಟ್ಟಿದರು.

ಬೇಲೂರಿನ ಬಸ್ ನಿಲ್ದಾಣದ ಹತ್ತಿರ ಅಂಗಡಿಯಿಟ್ಟಿದ್ದ ಮೋಹನ್‌ಕುಮಾರ್ ಮೂರು ಮಾದರಿಗಳೊಂದಿಗೆ ಸಭೆಗೆ ಹಾಜರಾದ. ಷಡಕ್ಷರಪ್ಪನವರ ನಿವೃತ್ತಿಗೆ ಆಗ ಉಳಿದಿದ್ದದ್ದು ಇಪ್ಪತ್ನಾಲ್ಕು ದಿನ. ಮೊದಲನೆಯದು ಗಾಜಿನಂತೆ ಪಾರದರ್ಶಕವಾದ ಗಟ್ಟಿ ಕವಚ. ನೋಡಲು ಚೆಂದ, ಹಿಡಿದರೆ ಅಂಚು ಒತ್ತುತ್ತಿತ್ತು. ಎರಡನೆಯದು ಮೆತ್ತನೆ ರಬ್ಬರಿನದು, ಹಿಂಬದಿಯಲ್ಲಿ ಎರಡು ಉಬ್ಬು. ಮೂರನೆಯದು ಅಗಲವಾದ ಕಪ್ಪು ಡಬ್ಬಿಯಂಥದು. ಅದು ಬೇರೆ ಯಾವುದೋ ದೊಡ್ಡ ಯಂತ್ರದ್ದು, ಮೂರು ಮಾದರಿ ಕಡ್ಡಾಯ ಎಂಬ ನಿಯಮಕ್ಕೋಸ್ಕರ ತಂದದ್ದು ಎಂದು ಮೋಹನ್‌ಕುಮಾರ್ ಹೇಳಿಯೇ ಬಿಟ್ಟ. ಮೂರೇ ಏಕೆ ಎಂದು ಅವನು ಕೇಳಲಿಲ್ಲ. ಆ ನಿಯಮ ಬರೆದವರು ಎದುರಿಗೇ ಕೂತಿದ್ದರು.

ಎರಡನೆಯದನ್ನು ತೊಡಿಸಿದ ಯಂತ್ರವನ್ನು ಒಂದು ಗಳಿಗೆ ಕೈಗೆ ತೆಗೆದುಕೊಂಡಾಗ ಷಡಕ್ಷರಪ್ಪನವರ ಕಣ್ಣು ತುಂಬಿತು. ಉಬ್ಬು ಅಂಗೈಯ ಹಳ್ಳದಲ್ಲಿ ಬಂದು ಕೂತಿತ್ತು. ಬೆರಳುಗಳು ತಮ್ಮ ತಮ್ಮ ಜಾಗ ಹುಡುಕಿಕೊಂಡವು. ಹೆಬ್ಬೆರಳಿಗೆ ಹೊರೆಯೇ ಇಲ್ಲ. ಏಳನೇ ಮರಿ ದಾಟಿದ ಹಾಗೇ ಎಂದುಕೊಂಡರು.

ಆದರೆ ಪರೀಕ್ಷೆ ನಡೆಸುವ ಹೊಣೆ ನಿರ್ದೇಶಕಿ ಮುದ್ದಮ್ಮನವರದಾಗಿತ್ತು. ಅರಸೀಕೆರೆ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವವರು ಕಾಯನ್ನು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕಿಡುತ್ತಾರೆ. ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಾಗ, ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನುತ್ತದೆ. ಆ ಸದ್ದು ಬಂದರೆ ಮಾಲು ಪಕ್ವ, ಬರದಿದ್ದರೆ ಹಸಿ. ಮುದ್ದಮ್ಮನವರ ಕಿವಿ ಐವತ್ತು ವರ್ಷದಲ್ಲಿ ಒಮ್ಮೆಯೂ ಮೋಸ ಹೋಗಿರಲಿಲ್ಲ. ಅವರು ಮೊದಲ ಕವಚದೊಳಗೆ ಯಂತ್ರ ಕೂರಿಸಿ, ಕಿವಿಗೆ ಹಿಡಿದು ಅಲ್ಲಾಡಿಸಿ, ಆಗದೆಂದು ತಲೆಯಾಡಿಸಿ ಕೆಳಗಿಟ್ಟರು. ಎರಡನೆಯದನ್ನು ಎರಡು ಸಲ ಅಲ್ಲಾಡಿಸಿದರು.

“ಇದ್ರಲ್ಲಿ ಸದ್ದೇ ಇಲ್ಲ. ಇನ್ನೂ ಹಸಿ ಐತೆ ಕಣ್ರೀ,” ಎಂದರು.

ಮೂರನೆಯದರಲ್ಲಿ ಯಂತ್ರ ಈ ಗೋಡೆಗೂ ಆ ಗೋಡೆಗೂ ಬಡಿದು ಲೊಡಲೊಡ ಎಂದಿತು. ಸಭೆಯ ಕೊನೆಯ ಸಾಲಿಗೂ ಕೇಳಿಸಿತು. ಎಲ್ಲರ ಮುಖದಲ್ಲೂ ನೆಮ್ಮದಿ ಮೂಡಿತು. ಅದು ಅಳತೆಗೆ ದೊಡ್ಡದಾಗಿ ಒಳಗೆ ಅಲುಗುತ್ತಿದೆ, ಯಂತ್ರ ಕೆಡುತ್ತದೆ ಎಂದು ಹೇಮಲತಾ ಎದ್ದು ನಿಂತು ಹೇಳಿದಳು. ಅಲುಗದೆ ಇದ್ದರೆ ಒಳಗಿನದು ಕೊಳೆಯುತ್ತದೆ ಕಣಮ್ಮ ಎಂದು ಕೆಂಚಪ್ಪನವರು ಅವಳಿಗೆ ತಿಳಿಹೇಳಿ ಕೂರಿಸಿದರು.

ಷಡಕ್ಷರಪ್ಪನವರು ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಬರೆಯುವುದನ್ನು ನಿಲ್ಲಿಸಿ, ಮಾತಾಡಿದರು.

“ಅಧ್ಯಕ್ಷರೆ, ಎರಡನೇದು ಕೈಗೆ ಚೆನ್ನಾಗಿ ಕೂರತ್ತೆ.”

“ಯಾರ ಕೈಗೆ?”

“ನನ್ನ ಕೈಗೆ.”

“ನಿಮ್ ಕೈಗೆ ಐದು ಬೆಳ್ಳು ಅವೆ ಷಡಕ್ಷರಪ್ನೋರೆ,” ಎಂದರು ಕೆಂಚಪ್ಪನವರು, ಬೇಸರವಿಲ್ಲದೆ. “ಸಂಘದ ಕೈಗೆ ನಾಲ್ಕೇ. ನೀವೇ ಬರ್ದಿದೀರಲ್ಲ.”

ಬರೆದದ್ದು ನಿಜ. ಪುಟ ಸಂಖ್ಯೆಯೂ ಅವರಿಗೆ ನೆನಪಿತ್ತು. ಬೇರೆ ಯಾರಾದರೂ ಬರೆದಿದ್ದರೆ ಒಂದು ಲೋಪವನ್ನಾದರೂ ಹುಡುಕಬಹುದಿತ್ತು. ತಾವೇ ಬರೆದದ್ದರಿಂದ ಅದರಲ್ಲಿ ಲೋಪವಿರಲಿಲ್ಲ. ಇಂಥ ಜಾಣತನಕ್ಕೆ ನನಗೇ ಒಂದು ಸನ್ಮಾನ ಆಗಬೇಕು ಎಂದು ಅವರು ಒಳಗೇ ನಕ್ಕು, ಪೆನ್ನು ಎತ್ತಿಕೊಂಡರು. ಮೂರನೇ ಕವಚ ಆಯ್ಕೆಯಾಯಿತು. ಹೊಸದಾಗಿ ಚಿಪ್ಪಿಗೆ ಹಾಕಿದ್ದನ್ನು ಕೂಡಲೇ ಮುಟ್ಟಿದರೆ ಮಾಲು ಕೆಡುತ್ತದೆಂದು ಮುದ್ದಮ್ಮನವರು ಎಚ್ಚರಿಸಿದ್ದರಿಂದ, ಕವಚಸಮೇತ ಯಂತ್ರವನ್ನು ಹನ್ನೊಂದು ತಿಂಗಳು ಸಂಘದ ಅಟ್ಟದ ಮೇಲೆ ಇಡಲು ತೀರ್ಮಾನವಾಯಿತು. ಷಡಕ್ಷರಪ್ಪನವರು ಅದನ್ನು ಮುದ್ದಾದ ಅಕ್ಷರದಲ್ಲಿ ಬರೆದರು. ಕೊನೆಯಲ್ಲಿ ಕೈ ಸುಮ್ಮನಿರಲಿಲ್ಲ: ‘ಅವಧಿಗೆ ಮುನ್ನ ಯಾರೂ ಇಳಿಸತಕ್ಕದ್ದಲ್ಲ.’

ಪ್ರತಿ ಸೋಮವಾರ ಹೇಮಲತಾ ಏಣಿ ಹತ್ತಿ, ಯಂತ್ರವನ್ನು ಅಲ್ಲಾಡಿಸಿ, ‘ಸದ್ದು ಇದೆ’ ಎಂದು ಚಾಲನಾ ಪುಸ್ತಕದಲ್ಲಿ ನಮೂದಿಸಿದಳು. ಯಂತ್ರವು ಸುಸ್ಥಿತಿಯಲ್ಲಿ ಸದ್ದು ಮಾಡುತ್ತಿರುವುದಕ್ಕೆ ಮೇಲಿನ ಕಚೇರಿಯಿಂದ ಮೆಚ್ಚುಗೆ ಪತ್ರ ಬಂತು. ಇದೇ ಕ್ರಮವನ್ನು ಉಳಿದ ಸಂಘಗಳೂ ಅನುಸರಿಸತಕ್ಕದ್ದೆಂದು ಅದರಲ್ಲಿತ್ತು.

ಬೀಳ್ಕೊಡುಗೆಯ ದಿನ ಷಡಕ್ಷರಪ್ಪನವರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟರು. ಜೊತೆಗೆ ಕೆಂಚಪ್ಪನವರು ಒಂದು ಪೊಟ್ಟಣ ಕೊಟ್ಟರು. ಒಳಗೆ ಎರಡನೇ ಕವಚ. ಅಲ್ಲಾಡಿಸಿದ ಮಾಲನ್ನು ಮೋಹನ್‌ಕುಮಾರ್ ವಾಪಸು ಒಯ್ದಿರಲಿಲ್ಲ. ಸಂಘದ ಕೈಗೆ ಆಗದ್ದು ನಿಮ್ಮ ಕೈಗಾದರೂ ಆಗಲಿ ಎಂದರು ಅಧ್ಯಕ್ಷರು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಷಡಕ್ಷರಪ್ಪನವರು ತಮ್ಮ ಭಾಷಣದಲ್ಲಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು.

ಮನೆಯ ಜಗಲಿಯಲ್ಲಿ, ಕಾಫಿಯಾದ ಮೇಲೆ, ಅವರು ಖಾಲಿ ಕವಚವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಹಿಡಿತ ಅಮೋಘವಾಗಿತ್ತು. ನಡುವಿನ ಕಿಂಡಿಯಲ್ಲಿ ಎದುರು ಮನೆಯ ಗೋಡೆ ಕಾಣುತ್ತಿತ್ತು. ಹೆಬ್ಬೆರಳುಗಳು ಮೆಲ್ಲಗೆ ಆಡತೊಡಗಿದವು. ನನ್ನಷ್ಟು ದಡ್ಡ ಈ ಊರಲ್ಲಿ ಇನ್ನೊಬ್ಬನಿಲ್ಲ ಎಂದು ಮೊದಲ ದಿನ ಅವರಿಗೆ ಅನ್ನಿಸಿತು. ಮಾರನೆಯ ದಿನವೂ ಅನ್ನಿಸಿತು, ಆದರೂ ಕೂತರು. ನೋವು ಮಾತ್ರ ಇರಲಿಲ್ಲ. ಹೆಂಡತಿ ಅನುಸೂಯಮ್ಮ ಮೊದಮೊದಲು ಇಣುಕಿ ನೋಡಿದರು, ಆಮೇಲೆ ಕಾಫಿ ಲೋಟವನ್ನು ಕೈಗೆ ಕೊಡದೆ ಪಕ್ಕದಲ್ಲಿಡುವುದನ್ನು ರೂಢಿಸಿಕೊಂಡರು.

ತಿಂಗಳಾದ ಮೇಲೆ ಕೆಂಚಪ್ಪನವರು ಯಾವುದೋ ನಿಯಮದ ಅರ್ಥ ಕೇಳಲು ಬಂದರು.

“ಕೂತ್ಕೊಳ್ಳಿ,” ಎಂದರು ಅನುಸೂಯಮ್ಮ ತಗ್ಗಿದ ದನಿಯಲ್ಲಿ. “ಸೇತುವೆ ಮೇಲಿದಾರೆ.”

ಕೆಂಚಪ್ಪನವರು ಚಪ್ಪಲಿ ಸದ್ದಾಗದಂತೆ ಕಳಚಿ ಜಗಲಿಯ ತುದಿಯಲ್ಲಿ ಕೂತರು. ಷಡಕ್ಷರಪ್ಪನವರ ಹೆಬ್ಬೆರಳು ಎಡಕ್ಕೆ ವಾಲಿತು, ನಿಂತಿತು, ಒಮ್ಮೆ ಒತ್ತಿತು. ಹಣೆಯಲ್ಲಿ ಬೆವರು ಮೂಡಿತು. ಬಹಳ ಹೊತ್ತಿನ ಮೇಲೆ ಅವರು ಕವಚವನ್ನು ತೊಡೆಯ ಮೇಲಿಟ್ಟು ಉಸಿರು ಬಿಟ್ಟರು.

“ದಾಟ್ತು.”

“ಏಳೂವೆ?”

“ಏಳೂ.”

ಕೆಂಚಪ್ಪನವರು ಎದ್ದು ಅವರ ಕೈ ಹಿಡಿದು ಕುಲುಕಿದರು. ಚಾಲನಾ ಪುಸ್ತಕಕ್ಕೆ ಬೇಕಾಗುತ್ತದೆ, ಬರವಣಿಗೆಯಲ್ಲಿ ಕೊಟ್ಟುಬಿಡಿ ಎಂದರು. ಷಡಕ್ಷರಪ್ಪನವರು ಒಳಗಿಂದ ಹಾಳೆ ತರಿಸಿ, ನಲವತ್ತನೇ ಸೇತುವೆ, ಏಳು ಮರಿ ಕ್ಷೇಮ, ನೀರುಪಾಲು ಇಲ್ಲ ಎಂದು ಬರೆದು ಸಹಿ ಹಾಕಿದರು. ಮುಂದಿನ ಸಭೆಯಲ್ಲಿ ಅದನ್ನು ಓದಿ ಸರ್ವಾನುಮತದಿಂದ ಅಂಗೀಕರಿಸಲಾಯಿತು. ಅಂದೂ ಸೋಮವಾರವಾಗಿತ್ತು, ಅಟ್ಟದ ಮೇಲಿಂದ ಹೇಮಲತಾ ಸದ್ದು ಇದೆ ಎಂದು ಕೂಗಿ ಹೇಳಿದಳು.