ತುಕ್ಕಿನ ಬಾಟಲಿ

ಗಾದಿಲಿಂಗಪ್ಪನ ಗ್ರಹಚಾರ ಕೆಟ್ಟದ್ದು ಹೆಬ್ಬೆರಳುದ್ದದ ಒಂದು ಬಾಟಲಿಯಿಂದ. ತೋರಣಗಲ್ಲಿನ ಕಡೆ ಉಕ್ಕಿನ ಕುಲುಮೆ ಮುಂದೆ ದುಡಿಯುವವರಿಗೆಲ್ಲ ಹೇಮಾ ಎಂಬ ಸಂಶೋಧಕಿ ಅದನ್ನು ಹಂಚಿದ್ದಳು.

"ಕಬ್ಬಿಣಕ್ಕ ತುಕ್ಕು ಹಿಡ್ದಂಗ ಕಾವು, ಹೊಗಿ, ಬೀಡಿಯಿಂದ ಮೈಯೊಳಗೂ ಒಂಥರಾ ತುಕ್ಕು ಹಿಡೀತೈತ್ರಿ. ಆಕ್ಸಿಡೇಟಿವ್ ಸ್ಟ್ರೆಸ್ ಅಂತಾರ. ಅದರ ಗುರುತು ಮೂತ್ರದಾಗ ಸಿಗ್ತೈತಿ. ಔಷಧ ಹಾಕಿದ್ರ ಬಣ್ಣ ಕೆಂಪಾದಷ್ಟೂ ತುಕ್ಕು ಜಾಸ್ತಿ. ನಾಳೆ ಮುಂಜಾನೆದ್ದು ತುಂಬ್ಕೊಂಡು ಬರ್ರಿ."

ಎಲ್ಲರಿಗಿಂತ ತುಕ್ಕು ಹೆಚ್ಚಿದ್ದವನಿಗೆ ನರ್ಸರಿಯಲ್ಲಿ ಗಿಡಕ್ಕೆ ನೀರುಣಿಸುವ ಕೆಲಸ ಎಂದು ಸೂಪರ್‌ವೈಸರ್ ಸಾರಿಬಿಟ್ಟ.

ಬೇವಿನ ನೆರಳಲ್ಲಿ ಪೈಪು ಹಿಡಿದು ನಿಲ್ಲುವ ಭಾಗ್ಯ! ಗಾದಿಲಿಂಗಪ್ಪನ ಬಾಯಲ್ಲಿ ನೀರೂರಿತು. ಆದರೆ ಬೀಡಿಯಿಲ್ಲ, ಕುಡಿತವಿಲ್ಲ. ಅವನಿಗೆ ತುಕ್ಕು ಬರುವುದಾದರೂ ಎಲ್ಲಿಂದ? ಸಾಲದ್ದಕ್ಕೆ ಹೆಂಡತಿ ಚೆನ್ನಬಸಮ್ಮ ದಿನಾ ಚೊಂಬು ತುಂಬ, ಮೈಯ ತುಕ್ಕು ಕಳೆಯುವ ನೆಲ್ಲಿಕಾಯಿ ರಸ ಕೊಡುತ್ತಿದ್ದಳು. ಅವಳು ಆಚೆ ತಿರುಗಿದೊಡನೆ ಇವನು ಅದನ್ನು ಗೋಡೆಯಾಚೆಯ ಜಂಬುನಾಥನಿಗೆ ದಾಟಿಸುತ್ತಿದ್ದ, ಆ ಮಾತು ಬೇರೆ.

ಜಂಬುನಾಥನೂ ಅದೇ ಕುಲುಮೆಯವನು. ತುಟಿಯಲ್ಲಿ ಬೀಡಿಯಿಲ್ಲದೆ ಅವನನ್ನು ಅವರ ಊರು ಗಾದಿಗನೂರಿನಲ್ಲಿ ಯಾರೂ ಕಂಡದ್ದಿಲ್ಲ. ತುಕ್ಕಿನ ಗಣಿ! ಮರುದಿನ ಮುಂಜಾನೆ ಗಾದಿಲಿಂಗಪ್ಪ ಚೊಂಬಿನ ಜೊತೆ ಬಾಟಲಿಯನ್ನೂ ಗೋಡೆ ಮೇಲಿಟ್ಟ.

"ಲೇ ಜಂಬ್ಯಾ, ನನ್ ಬಾಟ್ಲಿ ನೀ ತುಂಬು, ನಿಂದು ನಾ ತುಂಬ್ತೀನಿ. ನಿನಗ ತುಕ್ಕೈತಂತ ಗೊತ್ತಾದ್ರ ನಿನ್ ಹೇಂತಿ ಉಚ್ಚೆಂಗಮ್ಮ ಸುಮ್ನ ಬಿಡ್ತಾಳೇನು?"

"ಎಂಥಾ ಕರುಳಪಾ ನಿಂದು!" ಜಂಬುನಾಥ ಬೀಡಿ ಕಚ್ಚಿಕೊಂಡೇ ಒಪ್ಪಿದ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಸಂಜೆ ಎಲ್ಲರೆದುರು ಔಷಧ ಹಾಕಿದಾಗ ಗಾದಿಲಿಂಗಪ್ಪನ ಹೆಸರಿನ ಬಾಟಲಿ ತಿಳಿನೀರಿನಂತೆ ಉಳಿಯಿತು. ಗಾದಿಲಿಂಗಪ್ಪ ತುಂಬಿದ್ದ, ಜಂಬುನಾಥನ ಹೆಸರಿನದು ದಾಸವಾಳದಂತೆ ಕೆಂಪಾಯಿತು.

"ಗಟ್ಟಿ ಆಳಲೇ ಗಾದಿ! ಕುಲುಮಿ ನಿನಗ ಒಗ್ಗೇತಿ, ಅಲ್ಲೇ ಇರು," ಎಂದ ಸೂಪರ್‌ವೈಸರ್. ನರ್ಸರಿ ಜಂಬುನಾಥನ ಪಾಲಾಯಿತು.

ಬಸ್ಸಿನಲ್ಲಿ ಗಾದಿಲಿಂಗಪ್ಪ ಅಳುವುದೊಂದು ಬಾಕಿ. "ಅಷ್ಟು ಬೀಡಿ ಸೇದ್ತೀಯಲ್ಲೋ, ಎಲ್ಲಿ ಹೋತಲೇ ನಿನ್ ತುಕ್ಕು?"

"ಎಲ್ಲಿ ಸೇದ್ತೀನೋ? ನಿನ್ ರಸ ಕುಡಿಯಾಕ ಹತ್ತಿದ ಮ್ಯಾಲೆ ಬೀಡಿ ರುಚೀನ ಹತ್ತವಲ್ದು. ಬಿಟ್ಟು ಭಾಳ ದಿನ ಆತು. ಮಂದಿ ಚಾಷ್ಟಿ ಮಾಡ್ತಾರಂತ ಸುಮ್ನ ಕಚ್ಕೊಂಡಿರ್ತೀನಿ, ಹಚ್ಚಂಗಿಲ್ಲ."

ಊರಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಚೆನ್ನಬಸಮ್ಮ ಬಾಗಿಲಲ್ಲೇ ಚೊಂಬು ಹಿಡಿದು ನಿಂತಿದ್ದಳು. "ನೋಡಿದ್ರೇನು ನನ್ ರಸದ ಗುಣ! ಇನ್ಮ್ಯಾಲೆ ಎರಡೆರಡು ಚೊಂಬು. ನನ್ ಎದುರಿಗೇ ಕುಡೀಬೇಕು."

ಗಾದಿಲಿಂಗಪ್ಪ ಕಣ್ಣು ಮುಚ್ಚಿ ಗುಟುಕರಿಸಿದ. ಗೋಡೆಯಾಚೆಯಿಂದ ಜಂಬುನಾಥ ಇಣುಕಿದ.

"ತಂಗ್ಯವ್ವಾ, ನನಗೂ ಒಂದು ಚೊಂಬು ಇರಲಿ. ಭಾಳ ತುಕ್ಕೈತಂತ, ಎಲ್ಲಾರೂ ನೋಡ್ಯಾರ."